ಆಸ್ಪತ್ರೆಯ ಒಳಗೇ ಒಬ್ಬ ಸಂಶೋಧಕ: ಬಳ್ಳಾರಿ ಜಿಲ್ಲೆಯ ಪ್ರಯೋಗ ಕಲಿಸುವ ಲೆಕ್ಕ

ವ್ಯಾಪಾರದಲ್ಲಿ ಎರಡು ಬಗೆಯ ಲೆಕ್ಕಪರಿಶೋಧನೆಗಳುಂಟು. ವರ್ಷಾಂತ್ಯದಲ್ಲಿ ಬಂದು ವಹಿಗಳನ್ನು ತಿರುವಿ, ದಾಸ್ತಾನಿನ ಪಟ್ಟಿಯನ್ನು ತಾಳೆ ನೋಡಿ, ವರದಿಗೆ ಸಹಿ ಮಾಡಿ ಹೋಗುವುದು ಒಂದು ಬಗೆ. ವರ್ಷವಿಡೀ ಸಂಸ್ಥೆಯೊಳಗೇ ಇದ್ದು, ಸರಕು ಬಂದ ದಿನವೇ ತೂಕ ನೋಡಿ, ಬಿಲ್ಲು ಪಾವತಿಯಾಗುವ ಮುನ್ನವೇ ಪ್ರಶ್ನೆ ಕೇಳುವ ಆಂತರಿಕ ಲೆಕ್ಕಪರಿಶೋಧನೆ ಇನ್ನೊಂದು ಬಗೆ. ಮೊದಲನೆಯದು ಆಗಿಹೋದ ನಷ್ಟವನ್ನು ತಿಳಿಸುತ್ತದೆ. ಎರಡನೆಯದು ಆಗಲಿರುವ ನಷ್ಟವನ್ನು ತಡೆಯುತ್ತದೆ. ಎರಡೂ ಬೇಕು, ಆದರೆ ಮಾಲೀಕನ ದಿನನಿತ್ಯದ ತೀರ್ಮಾನಗಳಿಗೆ ಒದಗುವುದು ಎರಡನೆಯದೇ ಎಂಬುದನ್ನು ವರ್ತಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸಾರ್ವಜನಿಕ ಆರೋಗ್ಯ ಕ್ಷೇತ್ರದಲ್ಲಿ ನಡೆಯುವ ಸಂಶೋಧನೆಗಳಲ್ಲಿ ಬಹುಪಾಲು ಮೊದಲನೆಯ ಬಗೆಗೆ ಸೇರಿದವು. ವಿಶ್ವವಿದ್ಯಾಲಯವೊಂದರ ತಂಡ ಬರುತ್ತದೆ, ಪ್ರಶ್ನಾವಳಿ ತುಂಬಿಸಿಕೊಳ್ಳುತ್ತದೆ, ಹೋಗುತ್ತದೆ. ಎರಡು ಮೂರು ವರ್ಷಗಳ ತರುವಾಯ ಇಂಗ್ಲಿಷ್ ನಿಯತಕಾಲಿಕವೊಂದರಲ್ಲಿ ಲೇಖನ ಪ್ರಕಟವಾಗುತ್ತದೆ. ಅಷ್ಟರಲ್ಲಿ ಅಧಿಕಾರಿ ವರ್ಗಾವಣೆಯಾಗಿರುತ್ತಾರೆ. ಔಷಧ ಖರೀದಿಯ ಆದೇಶಕ್ಕೆ ಸಹಿಯಾಗಿ ಎರಡು ಆಯವ್ಯಯಗಳು ಕಳೆದಿರುತ್ತವೆ. ಸಂಶೋಧನೆಯಲ್ಲಿ ತಪ್ಪಿರುವುದಿಲ್ಲ, ಆದರೆ ಅದು ಸಂತೆ ಮುಗಿದ ಮೇಲೆ ಬಂದ ಸರಕು.

ಈ ಕೊರತೆಯನ್ನು ನೀಗಿಸಲು ಕಳೆದ ಕೆಲವು ದಶಕಗಳಲ್ಲಿ ಪ್ರಪಂಚದ ಹಲವೆಡೆ ಒಂದು ಹೊಸ ಕ್ರಮ ರೂಢಿಗೆ ಬಂದಿದೆ. ಸಂಶೋಧಕನನ್ನು ಆರೋಗ್ಯ ಇಲಾಖೆಯ ಅಥವಾ ಆಸ್ಪತ್ರೆಯ ಒಳಗೇ ನೆಲೆಗೊಳಿಸಿ, ತೀರ್ಮಾನ ಕೈಗೊಳ್ಳುವ ಅಧಿಕಾರಿಯ ಪಕ್ಕದಲ್ಲಿಯೇ ಕೆಲಸ ಮಾಡಿಸುವುದು ಆ ಕ್ರಮ. ಇದರ ಒಂದು ದೊಡ್ಡ ಪ್ರಯೋಗ ನಡೆದದ್ದು ಅವಿಭಜಿತ ಬಳ್ಳಾರಿ ಜಿಲ್ಲೆಯಲ್ಲಿ ಎಂಬ ಸಂಗತಿ ಈ ಭಾಗದ ವಾಣಿಜ್ಯ ವಲಯದಲ್ಲಿ ಅಷ್ಟಾಗಿ ತಿಳಿದಿಲ್ಲ.

ಹಂಪಸಾಗರದಿಂದ ನೋಡಿದಾಗ

ತುಂಗಭದ್ರಾ ಜಲಾಶಯದ ಹಿನ್ನೀರಿಗೆ ಸಮೀಪದಲ್ಲಿರುವ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಹಂಪಸಾಗರದಂತಹ ಊರನ್ನು ಗಮನಿಸಬಹುದು. ಮೆಕ್ಕೆಜೋಳ, ಶೇಂಗಾ ಬೆಳೆಯುವ ಸೀಮೆ. ಬೀಜ-ಗೊಬ್ಬರದ ಅಂಗಡಿಗಳು, ಕಿರಾಣಿ ವ್ಯಾಪಾರ, ಹಮಾಲರು, ಕೂಲಿಕಾರರು. ಇಂತಹ ಊರಿನ ಹೆಣ್ಣುಮಗಳೊಬ್ಬಳಿಗೆ ನಡುರಾತ್ರಿ ಹೆರಿಗೆಯಾಗಿ ರಕ್ತಸ್ರಾವ ನಿಲ್ಲಲಿಲ್ಲವೆಂದು ಭಾವಿಸೋಣ. ಚಿಕಿತ್ಸೆ ದೊರೆಯದಿದ್ದರೆ ತೀವ್ರ ರಕ್ತಸ್ರಾವ ಎರಡು ಗಂಟೆಗಳೊಳಗೆ ಪ್ರಾಣ ತೆಗೆಯಬಲ್ಲದು. ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡಬೇಕು. ಆ ಔಷಧವನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಟ್ಟಿರಬೇಕು. ಕೊಡಬೇಕಾದ ನರ್ಸ್‌ಗೆ ಅದು ಬೆರಳ ತುದಿಯಲ್ಲಿರಬೇಕು.

ಈಗ ತೀರ್ಮಾನಗಳ ಪಟ್ಟಿಯನ್ನು ನೋಡಬೇಕು. ಔಷಧದ ಖರೀದಿ ನಿರ್ಧಾರವಾಗುವುದು ಬೆಂಗಳೂರಿನಲ್ಲಿ. ಹಂಚಿಕೆ ನಿರ್ಧಾರವಾಗುವುದು ಜಿಲ್ಲಾ ಮಟ್ಟದಲ್ಲಿ. ಬೇಡಿಕೆ ಪಟ್ಟಿ ಹೋಗಬೇಕಾದದ್ದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯಿಂದ. ಔಷಧ ಮುಗಿದಿದೆಯೆಂದು ಮೊದಲು ಅರಿವಾಗುವುದು ರಾತ್ರಿ ಪಾಳಿಯ ನರ್ಸ್‌ಗೆ. ನಾಲ್ಕು ಕಡೆ ನಾಲ್ಕು ಜನ. ಒಬ್ಬರ ತಿಳಿವಳಿಕೆ ಇನ್ನೊಬ್ಬರಿಗೆ ತಲುಪುವ ದಾರಿ ಇಲ್ಲ. ವಹಿಯಲ್ಲಿ ದಾಸ್ತಾನು ಇದೆ, ಕಪಾಟಿನಲ್ಲಿ ಇಲ್ಲ. ವರ್ತಕರಿಗೆ ಈ ರೋಗ ಅಪರಿಚಿತವೇನಲ್ಲ. ಅಂಗಡಿಯಲ್ಲಾದರೆ ಗಿರಾಕಿ ಬೇರೆ ಅಂಗಡಿಗೆ ಹೋಗುತ್ತಾನೆ. ಇಲ್ಲಿ ಬಾಣಂತಿಗೆ ಬೇರೆ ಅಂಗಡಿ ಇರುವುದಿಲ್ಲ.

ಕಲ್ಪನೆ ಬಂದ ದಾರಿ

ಸಂಶೋಧಕರು ಮತ್ತು ಆಡಳಿತಗಾರರನ್ನು ಒಂದೇ ಮೇಜಿನ ಸುತ್ತ ಕೂರಿಸುವ ಯತ್ನಗಳಲ್ಲಿ ಕೆನಡಾದ ಮಾನಿಟೋಬಾ ಪ್ರಾಂತ್ಯದ ಪ್ರಯತ್ನ ಉಲ್ಲೇಖನೀಯ. ಮಾನಿಟೋಬಾ ವಿಶ್ವವಿದ್ಯಾಲಯದ ಆರೋಗ್ಯ ನೀತಿ ಕೇಂದ್ರವು 2001ರಲ್ಲಿ ಪೆಟ್ರೀಶಿಯಾ ಮಾರ್ಟೆನ್ಸ್ ಅವರ ನೇತೃತ್ವದಲ್ಲಿ ‘ದಿ ನೀಡ್ ಟು ನೋ’ ಎಂಬ ತಂಡವನ್ನು ಕಟ್ಟಿತು. ವಿಶ್ವವಿದ್ಯಾಲಯದ ಸಂಶೋಧಕರು, ಪ್ರಾದೇಶಿಕ ಆರೋಗ್ಯ ಪ್ರಾಧಿಕಾರಗಳ ಯೋಜನಾಧಿಕಾರಿಗಳು ಮತ್ತು ಪ್ರಾಂತ್ಯದ ಆರೋಗ್ಯ ಇಲಾಖೆಯವರು ಅದರಲ್ಲಿ ಸಮಾನ ಸದಸ್ಯರು. ಯಾವ ಪ್ರಶ್ನೆಗೆ ಉತ್ತರ ಬೇಕೆಂಬುದನ್ನು ಎಲ್ಲರೂ ಕೂಡಿ ನಿರ್ಧರಿಸುವುದು ಅದರ ಪದ್ಧತಿ.

ಥಾಯ್ಲೆಂಡ್ 2007ರಲ್ಲಿ ತನ್ನ ಸಾರ್ವಜನಿಕ ಆರೋಗ್ಯ ಸಚಿವಾಲಯಕ್ಕೆ ಹೊಂದಿಕೊಂಡಂತೆ ಅರೆ ಸ್ವಾಯತ್ತ ಸಂಶೋಧನಾ ಘಟಕವೊಂದನ್ನು ಸ್ಥಾಪಿಸಿ, ಯಾವ ಔಷಧ ಮತ್ತು ಚಿಕಿತ್ಸೆ ಕೊಟ್ಟ ಹಣಕ್ಕೆ ತಕ್ಕ ಪ್ರಯೋಜನ ನೀಡುತ್ತದೆ ಎಂಬುದನ್ನು ಲೆಕ್ಕ ಹಾಕಿಸತೊಡಗಿತು. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ತನ್ನ ಕಾರ್ಯತಂತ್ರ ಪತ್ರದಲ್ಲಿ, ಸಂಶೋಧನೆಯು ತೀರ್ಮಾನ ಕೈಗೊಳ್ಳುವ ಪ್ರಕ್ರಿಯೆಯ ಅಂಗವೇ ಆಗಬೇಕೆಂದು ಪ್ರತಿಪಾದಿಸಿತು. ಇಂಗ್ಲೆಂಡಿನ ವೈದ್ಯ ಮಾರ್ಟಿನ್ ಮಾರ್ಷಲ್ ಮತ್ತು ಸಂಗಡಿಗರು 2014ರಲ್ಲಿ ‘ನಿವಾಸಿ ಸಂಶೋಧಕ’ ಎಂಬ ಮಾದರಿಯನ್ನು ಮಂಡಿಸಿದರು. ಸಂಶೋಧಕನು ಆಸ್ಪತ್ರೆಯ ತಂಡದ ಸದಸ್ಯನಾಗಿದ್ದು, ತನ್ನ ಪರಿಣತಿಯನ್ನು ಮೇಲಿನಿಂದ ಹೇರದೆ ವೈದ್ಯರ ಹಾಗೂ ವ್ಯವಸ್ಥಾಪಕರ ಅನುಭವದೊಡನೆ ಹೊಂದಿಸಿಕೊಂಡು ಹೋಗಬೇಕೆಂಬುದು ಅದರ ತಿರುಳು.

ಹೊರದೇಶಗಳ ಹೆಸರು ಹೇಳಿದ ಮಾತ್ರಕ್ಕೆ ಇದು ಆಮದು ಸರಕೆಂದು ಭಾವಿಸಬೇಕಾಗಿಲ್ಲ. ಕರ್ನಾಟಕದಲ್ಲಿ ಇದಕ್ಕೆ ಅರವತ್ತು ವರ್ಷಗಳಿಗೂ ಮಿಕ್ಕ ಇತಿಹಾಸವಿದೆ.

ಕೆಮ್ಮಿನ ಔಷಧದ ಪಾಠ

1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ದೇಶಕ್ಕೆ ಒಪ್ಪುವ ಕ್ಷಯ ನಿಯಂತ್ರಣ ಕಾರ್ಯಕ್ರಮವನ್ನು ರೂಪಿಸಿಕೊಡುವುದೇ ಸರ್ಕಾರ ಅದಕ್ಕೆ ವಹಿಸಿದ ಹೊಣೆ. ವೈದ್ಯರು, ಸಂಖ್ಯಾಶಾಸ್ತ್ರಜ್ಞರು, ಸಮಾಜಶಾಸ್ತ್ರದ ಅಧ್ಯಯನಕಾರರು ಒಂದೇ ಸೂರಿನಡಿ ಕುಳಿತರು. ಹಳ್ಳಿಯ ಜನ ಅಜ್ಞಾನದಿಂದ ಆಸ್ಪತ್ರೆಗೆ ಬರುವುದಿಲ್ಲ, ಆದ್ದರಿಂದ ಕ್ಷಯ ಹಬ್ಬುತ್ತಿದೆ ಎಂಬುದು ಅಂದಿನ ಸಾಮಾನ್ಯ ನಂಬಿಕೆಯಾಗಿತ್ತು.

ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳನ್ನು ಅವರವರ ಮನೆಗಳಲ್ಲಿಯೇ ಕಂಡು ವಿಚಾರಿಸಿದರು. 1963ರಲ್ಲಿ ಪ್ರಕಟವಾದ ಆ ಅಧ್ಯಯನದ ಫಲಿತಾಂಶ ನಂಬಿಕೆಯನ್ನು ತಲೆಕೆಳಗು ಮಾಡಿತು. ಕ್ಷಯವಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು. ಅಲ್ಲಿ ಅವರ ಕಫ ಪರೀಕ್ಷಿಸದೆ ಕೆಮ್ಮಿನ ಔಷಧ ಕೊಟ್ಟು ಕಳುಹಿಸಲಾಗಿತ್ತು. ದೋಷವಿದ್ದದ್ದು ರೋಗಿಯ ತಲೆಯಲ್ಲಲ್ಲ, ಆಸ್ಪತ್ರೆಯ ಮೇಜಿನಲ್ಲಿ. ಈ ತಿಳಿವು ಕಾರ್ಯಕ್ರಮ ರೂಪಿಸುವವರ ಕೈಯಲ್ಲಿಯೇ ಇದ್ದುದರಿಂದ, 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮವು ಪ್ರತ್ಯೇಕ ಕ್ಷಯ ಆಸ್ಪತ್ರೆಗಳನ್ನೇ ನೆಚ್ಚದೆ, ಕೆಮ್ಮೆಂದು ಸಾಮಾನ್ಯ ಆಸ್ಪತ್ರೆಗಳಿಗೆ ತಾವಾಗಿ ಬರುವವರ ಕಫ ಪರೀಕ್ಷೆಗೆ ಒತ್ತು ನೀಡಿತು. ಅದೇ ಸಂಶೋಧಕರು ದೂರದ ವಿಶ್ವವಿದ್ಯಾಲಯದಲ್ಲಿದ್ದಿದ್ದರೆ, ಕಾರ್ಯಕ್ರಮದ ಆದೇಶ ಹೊರಟ ಮರುವರ್ಷ ಅವರ ಲೇಖನ ಬರುತ್ತಿತ್ತು.

‘ಸುಕ್ಷೇಮ’ದ ಹೆಜ್ಜೆಗಳು

ನಾಲ್ಕು ದಶಕಗಳ ತರುವಾಯ, 2003ರಲ್ಲಿ, ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ ಮತ್ತು ಮೇಲೆ ಹೇಳಿದ ಮಾನಿಟೋಬಾ ವಿಶ್ವವಿದ್ಯಾಲಯಗಳ ಸಹಭಾಗಿತ್ವದಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಹುಟ್ಟಿಕೊಂಡಿತು. ಸರ್ಕಾರದೊಡನೆ ಕೂಡಿ ಕೆಲಸ ಮಾಡುವ ಹಾಗೂ ಮಾಡಿದ ಕೆಲಸವನ್ನು ಅಲ್ಲಿಯೇ ಅಳೆಯುವ ಸಂಸ್ಥೆಯಿದು. ಉತ್ತರ ಕರ್ನಾಟಕದಲ್ಲಿ ಎಚ್‌ಐವಿ ತಡೆಗಟ್ಟುವ ಕೆಲಸದಲ್ಲಿ ಪಳಗಿದ ಮೇಲೆ, ತಾಯಿ ಮತ್ತು ನವಜಾತ ಶಿಶುಗಳ ಆರೋಗ್ಯಕ್ಕಾಗಿ ‘ಸುಕ್ಷೇಮ’ ಯೋಜನೆಯನ್ನು ಅದು ಕೈಗೆತ್ತಿಕೊಂಡಿತು. ಬಿಲ್ ಮತ್ತು ಮೆಲಿಂಡಾ ಗೇಟ್ಸ್ ಪ್ರತಿಷ್ಠಾನ ಹಣ ಒದಗಿಸಿತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯೂ ಪಾಲುದಾರನಾಯಿತು. ಬಳ್ಳಾರಿ, ಕೊಪ್ಪಳ, ರಾಯಚೂರು, ಗುಲ್ಬರ್ಗ, ಯಾದಗಿರಿ, ಬೀದರ್, ಬಿಜಾಪುರ, ಬಾಗಲಕೋಟೆ ಎಂಬ ಎಂಟು ಜಿಲ್ಲೆಗಳು ಅದರ ಕಾರ್ಯಕ್ಷೇತ್ರ. ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಹೂವಿನ ಹಡಗಲಿ ತಾಲ್ಲೂಕುಗಳು ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದವು. ವಿಜಯನಗರ ಜಿಲ್ಲೆ ಅಸ್ತಿತ್ವಕ್ಕೆ ಬಂದದ್ದು 2021ರಲ್ಲಿ.

ಯೋಜನೆ ಎತ್ತಿಕೊಂಡ ಪ್ರಶ್ನೆ ಸರಳವಾಗಿತ್ತು. 2005ರಲ್ಲಿ ಬಂದ ಜನನಿ ಸುರಕ್ಷಾ ಯೋಜನೆಯಂತಹ ಉತ್ತೇಜನಗಳಿಂದ ಮನೆಯಲ್ಲಿ ಹೆರುತ್ತಿದ್ದವರು ಆಸ್ಪತ್ರೆಗೆ ಬರತೊಡಗಿದ್ದರು. ಆದರೆ ಬಂದವರಿಗೆ ಸಿಗುವ ಆರೈಕೆ ಎಂಥದು? ಕಟ್ಟಡವಿದೆ, ಮಂಚವಿದೆ, ತರಬೇತಿಯ ಪ್ರಮಾಣಪತ್ರವಿದೆ. ಇಷ್ಟಿದ್ದರೂ ಆ ರಾತ್ರಿ ಆಗಬೇಕಾದದ್ದು ಆಗುತ್ತದೆಯೇ?

ಇದಕ್ಕೆ ಕಂಡುಕೊಂಡ ಉಪಾಯ ‘ಶುಶ್ರೂಷಾ ಮಾರ್ಗದರ್ಶಕರು’. 2012ರ ಆಗಸ್ಟಿನಿಂದ 2014ರ ಜುಲೈವರೆಗೆ 53 ಜನ ಪೂರ್ಣಾವಧಿ ಮಾರ್ಗದರ್ಶಕರು ಎಂಟು ಜಿಲ್ಲೆಗಳ 385 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೆಲಸ ಮಾಡಿದರು. ಒಬ್ಬೊಬ್ಬರಿಗೆ 6ರಿಂದ 8 ಕೇಂದ್ರಗಳು. ಮೊದಲ ವರ್ಷ ಪ್ರತಿ ಕೇಂದ್ರಕ್ಕೆ ಸುಮಾರು ಆರು ಭೇಟಿ. ಭೇಟಿಯೆಂದರೆ ತಪಾಸಣೆಯಲ್ಲ. ಹೆರಿಗೆ ಕೋಣೆಯಲ್ಲಿ ನರ್ಸ್ ಜೊತೆ ನಿಂತು ಕೆಲಸ ಮಾಡುವುದು, ಕಪಾಟು ತೆರೆದು ಏನಿದೆ ಏನಿಲ್ಲ ಎಂದು ಇಬ್ಬರೂ ಕೂಡಿ ಬರೆಯುವುದು, ವೈದ್ಯಾಧಿಕಾರಿ ಮತ್ತು ಸಿಬ್ಬಂದಿಯನ್ನು ಕೂರಿಸಿಕೊಂಡು ಮುಂದಿನ ಭೇಟಿಯೊಳಗೆ ಯಾರು ಏನು ಸರಿಪಡಿಸಬೇಕೆಂದು ತೀರ್ಮಾನಿಸುವುದು. ಇದರೊಡನೆ ಹೊಸ ಕೇಸ್ ಶೀಟ್ ಒಂದನ್ನು ರೂಪಿಸಲಾಯಿತು. ಹೆರಿಗೆಯ ಪ್ರತಿ ಹಂತದಲ್ಲಿ ಮಾಡಬೇಕಾದದ್ದನ್ನು ಅದೇ ನೆನಪಿಸುತ್ತದೆ; ಮಾಡಿದ್ದು ಅಲ್ಲಿಯೇ ದಾಖಲಾಗುತ್ತದೆ. ಕೆಲಸದ ಸಾಧನವೂ ಅದೇ, ಸಂಶೋಧನೆಯ ದಾಖಲೆಯೂ ಅದೇ.

ಅಂಕಿಗಳು ಹೇಳುವುದೇನು?

ಈ ಕ್ರಮದ ಫಲವನ್ನು ಅಳೆಯಲು ಬಳ್ಳಾರಿ ಮತ್ತು ಗುಲ್ಬರ್ಗ ಜಿಲ್ಲೆಗಳನ್ನು ಆರಿಸಿಕೊಳ್ಳಲಾಯಿತು. ದಿನದ 24 ಗಂಟೆಯೂ ಕಾರ್ಯನಿರ್ವಹಿಸುತ್ತಿದ್ದ 108 ಕೇಂದ್ರಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಎರಡೂ ಗುಂಪುಗಳಿಗೆ ಆರಂಭಿಕ ತರಬೇತಿ ಮತ್ತು ಕೇಸ್ ಶೀಟುಗಳನ್ನು ನೀಡಲಾಯಿತು. ಮಾರ್ಗದರ್ಶಕರ ಆರು ಭೇಟಿಗಳು ಮಾತ್ರ 54 ಕೇಂದ್ರಗಳಿಗಷ್ಟೇ. 2012ರ ಏಪ್ರಿಲ್ ಮತ್ತು 2013ರ ಆಗಸ್ಟಿನಲ್ಲಿ ಸಮೀಕ್ಷೆಗಳು ನಡೆದವು. 2016ರಲ್ಲಿ ಪ್ರಕಟವಾದ ಫಲಿತಾಂಶಗಳ ಸಾರ ಹೀಗಿದೆ.

ರಕ್ತಸ್ರಾವವನ್ನು ನಿಭಾಯಿಸಲು ಬೇಕಾದ ಎಲ್ಲ ಔಷಧ, ಉಪಕರಣಗಳು ಮಾರ್ಗದರ್ಶನ ಪಡೆದ 29 ಕೇಂದ್ರಗಳಲ್ಲಿದ್ದವು. ಪಡೆಯದ ಗುಂಪಿನಲ್ಲಿ 12 ಕೇಂದ್ರಗಳಲ್ಲಿ ಮಾತ್ರ. ಗರ್ಭಿಣಿಯರ ರಕ್ತದೊತ್ತಡಕ್ಕೆ ಬೇಕಾದ ಸಿದ್ಧತೆ 19 ಕೇಂದ್ರಗಳಲ್ಲಿದ್ದರೆ ಇನ್ನೊಂದು ಗುಂಪಿನಲ್ಲಿ 3ರಲ್ಲಿ. ಮಗು ಹುಟ್ಟಿದ ಕೂಡಲೇ ರಕ್ತಸ್ರಾವ ತಡೆಯುವ ಕ್ರಮದ ಸರಿಯಾದ ತಿಳಿವಳಿಕೆ ಶೇ. 82.4ರಷ್ಟು ನರ್ಸ್‌ಗಳಿಗಿತ್ತು, ಇನ್ನೊಂದು ಗುಂಪಿನಲ್ಲಿ ಶೇ. 35.8. ಉಸಿರಾಡದ ಶಿಶುವಿಗೆ ಉಸಿರು ತುಂಬುವ ಕ್ರಮದಲ್ಲಿ ಶೇ. 48.5ಕ್ಕೆ ಎದುರಾಗಿ ಶೇ. 11.7. ಹೆರಿಗೆ ನೋವಿನ ಅವಧಿಯಲ್ಲಿ ನಿಯಮದಂತೆ ನಿಗಾ ಇಟ್ಟದ್ದು ಶೇ. 77.3 ಪ್ರಕರಣಗಳಲ್ಲಿ; ಇನ್ನೊಂದು ಗುಂಪಿನಲ್ಲಿ ಶೇ. 32.1.

ತರಬೇತಿ ಎರಡೂ ಗುಂಪುಗಳಿಗೆ ಒಂದೇ ಆಗಿತ್ತು ಎಂಬುದನ್ನು ಇಲ್ಲಿ ಮರೆಯಬಾರದು. ವ್ಯತ್ಯಾಸ ತಂದದ್ದು ಮತ್ತೆ ಮತ್ತೆ ಬಂದು ಪಕ್ಕದಲ್ಲಿ ನಿಂತ ಮನುಷ್ಯ.

ಖರ್ಚಿನ ಬಾಬ್ತು

ಯಾವ ವರ್ತಕನೂ ಕೇಳುವ ಮುಂದಿನ ಪ್ರಶ್ನೆ ಖರ್ಚಿನದು. ಈ ಅಧ್ಯಯನ ಅದಕ್ಕೂ ಉತ್ತರ ಇಟ್ಟುಕೊಂಡಿದೆ: ಒಂದು ಹೆರಿಗೆಗೆ ಹೆಚ್ಚುವರಿಯಾಗಿ 5.60 ಡಾಲರ್. ಡಾಲರಿಗೆ ಅಂದಿನ ದರ ಸುಮಾರು 60 ರೂಪಾಯಿ ಎಂದು ಹಿಡಿದರೆ 336 ರೂಪಾಯಿ. ಜನನಿ ಸುರಕ್ಷಾ ಯೋಜನೆಯಡಿ ಕರ್ನಾಟಕದ ಗ್ರಾಮೀಣ ತಾಯಿಗೆ ಆಸ್ಪತ್ರೆಯಲ್ಲಿ ಹೆರಿಗೆಯಾದುದಕ್ಕೆ ಕೊಡುತ್ತಿದ್ದ ನಗದು 700 ರೂಪಾಯಿ. ಆಸ್ಪತ್ರೆಗೆ ಕರೆತರಲು ಕೊಟ್ಟ ಹಣದ ಅರ್ಧಕ್ಕಿಂತ ಕಡಿಮೆ ಮೊತ್ತದಲ್ಲಿ ಆಸ್ಪತ್ರೆಯೊಳಗಿನ ಆರೈಕೆಯನ್ನು ಸುಧಾರಿಸಬಹುದೆಂದಾಯಿತು.

ತಿಂಗಳಿಗೆ 20 ಹೆರಿಗೆಗಳಾಗುವ ಕೇಂದ್ರವೊಂದನ್ನು ಉದಾಹರಣೆಯಾಗಿ ಇಟ್ಟುಕೊಂಡರೆ ವರ್ಷಕ್ಕೆ 240 ಹೆರಿಗೆ; ಮಾರ್ಗದರ್ಶನದ ಖರ್ಚು 80,640 ರೂಪಾಯಿ. ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನಿಗದಿಯಾಗಿದ್ದ ವಾರ್ಷಿಕ ಅನುದಾನಗಳೆಂದರೆ ಮುಕ್ತ ನಿಧಿ 25,000, ನಿರ್ವಹಣೆಗೆ 50,000 ಮತ್ತು ಆರೋಗ್ಯ ರಕ್ಷಾ ಸಮಿತಿಗೆ 1 ಲಕ್ಷ, ಒಟ್ಟು 1.75 ಲಕ್ಷ ರೂಪಾಯಿ. ಸುಣ್ಣಬಣ್ಣ, ದುರಸ್ತಿ, ಪೀಠೋಪಕರಣಗಳಿಗೆ ಹೋಗುವ ಹಣಕ್ಕೆ ಹೋಲಿಸಿದರೆ ಇದು ದುಬಾರಿ ಬಾಬ್ತಲ್ಲ.

ಪರಿಶೋಧಕನ ಆಕ್ಷೇಪಣೆಗಳು

ಆದರೂ ಯಾವ ಲೆಕ್ಕವನ್ನೂ ಆಕ್ಷೇಪಣೆಯಿಲ್ಲದೆ ಒಪ್ಪಬಾರದು. ಮೊದಲನೆಯದಾಗಿ, ಈ ಅಧ್ಯಯನ ಅಳೆದದ್ದು ಸಿದ್ಧತೆ, ತಿಳಿವಳಿಕೆ ಮತ್ತು ನಿಯಮಪಾಲನೆಯನ್ನು. ಎಷ್ಟು ಪ್ರಾಣಗಳು ಉಳಿದವು ಎಂಬುದನ್ನಲ್ಲ. ರಾಜ್ಯದಲ್ಲಿ ಲಕ್ಷ ಜೀವಂತ ಜನನಗಳಿಗೆ 2004–06ರಲ್ಲಿ 213 ಇದ್ದ ತಾಯಂದಿರ ಮರಣ ಪ್ರಮಾಣ 2018–20ರಲ್ಲಿ 69ಕ್ಕೆ ಇಳಿದಿದೆ. ಆ ಇಳಿಕೆಗೆ ಕಾರಣಗಳು ಹಲವು. ಒಂದೇ ಯೋಜನೆಯ ಖಾತೆಗೆ ಅದನ್ನು ಜಮೆ ಮಾಡಲಾಗದು.

ಎರಡನೆಯದು ದಾಖಲೆಗಳದು. ಕೇಸ್ ಶೀಟುಗಳು ಸಿಕ್ಕಿದ್ದು ಮಾರ್ಗದರ್ಶನ ಪಡೆದ ಕೇಂದ್ರಗಳ ಶೇ. 80.2 ತಾಯಂದಿರದು ಮತ್ತು ಇನ್ನೊಂದು ಗುಂಪಿನ ಶೇ. 57.3 ತಾಯಂದಿರದು. ಬರೆದಿಡದ ಪ್ರಕರಣಗಳಲ್ಲಿ ಏನಾಯಿತು ಎಂಬುದು ಲೆಕ್ಕಕ್ಕೆ ಸಿಗುವುದಿಲ್ಲ. ಮೂರನೆಯದಾಗಿ, ಕಾರ್ಯಕ್ರಮ ನಡೆಸಿದ ಸಂಸ್ಥೆಗಳವರೇ ಬಹುಮಟ್ಟಿಗೆ ಅಧ್ಯಯನವನ್ನೂ ಬರೆದವರು. ಒಳಗಿನವರು ಸತ್ಯವನ್ನು ಹತ್ತಿರದಿಂದ ಬಲ್ಲರು. ತಮ್ಮ ಕೆಲಸವನ್ನು ತಾವೇ ತೂಗುವ ಇಕ್ಕಟ್ಟೂ ಅವರದೇ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು. ಮಾರ್ಗದರ್ಶನ ಪಡೆದ 54 ಕೇಂದ್ರಗಳಲ್ಲಿ ರಕ್ತಸ್ರಾವಕ್ಕೆ ಪೂರ್ಣ ಸಿದ್ಧತೆ ಇದ್ದದ್ದು 29ರಲ್ಲಿ ಎಂದರೆ, ಉಳಿದ 25ರಲ್ಲಿ ಆರು ಭೇಟಿಗಳ ಬಳಿಕವೂ ಏನಾದರೊಂದು ಕೊರತೆ ಇದ್ದೇ ಇತ್ತು. ನರ್ಸ್‌ಗೆ ವಿದ್ಯೆ ಕಲಿಸಬಹುದು. ಬೆಂಗಳೂರಿನ ಖರೀದಿ ಆದೇಶಕ್ಕೆ ಮಾರ್ಗದರ್ಶಕಿ ಸಹಿ ಹಾಕಲಾರಳು. ಇದೇ ಕಾರ್ಯಕ್ರಮವನ್ನು ಕುರಿತ ಇನ್ನೊಂದು ಅಧ್ಯಯನದಲ್ಲಿ ಮಾರ್ಗದರ್ಶಕರು ಮತ್ತು ಸಿಬ್ಬಂದಿ ಹೇಳಿಕೊಂಡ ತೊಡಕುಗಳೂ ಇದನ್ನೇ ಪುಷ್ಟೀಕರಿಸುತ್ತವೆ: ಸಿಬ್ಬಂದಿಯ ಕೊರತೆ, ಹೆರಿಗೆಗಳ ಒತ್ತಡ, ಸಹಕರಿಸದ ಅಥವಾ ಸ್ಥಳದಲ್ಲಿಯೇ ಇಲ್ಲದ ಮೇಲಧಿಕಾರಿ.

ತುಮಕೂರು ಜಿಲ್ಲೆಯ ಇನ್ನೊಂದು ಅನುಭವವೂ ಇಲ್ಲಿ ಪ್ರಸ್ತುತ. ಬೆಂಗಳೂರಿನ ಸಾರ್ವಜನಿಕ ಆರೋಗ್ಯ ಸಂಸ್ಥೆ, ಐ.ಪಿ.ಎಚ್., 2009ರಿಂದ 2012ರವರೆಗೆ ಅಲ್ಲಿನ ಜಿಲ್ಲಾ ಮತ್ತು ತಾಲ್ಲೂಕು ಆರೋಗ್ಯ ವ್ಯವಸ್ಥಾಪಕರಿಗೆ ತರಬೇತಿ ಮತ್ತು ಮಾರ್ಗದರ್ಶನ ನೀಡಿತು. ಎನ್.ಎಸ್. ಪ್ರಶಾಂತ್ ಮತ್ತು ಸಂಗಡಿಗರು ಅದರ ಫಲಿತಾಂಶ ಪರಿಶೀಲಿಸಿದಾಗ, ಒಂದೇ ತರಬೇತಿ ಪಡೆದ ತಾಲ್ಲೂಕುಗಳಲ್ಲಿ ಭಿನ್ನ ಭಿನ್ನ ಫಲ ಕಂಡಿತು. ಅಧಿಕಾರಿಗೆ ತನ್ನ ಸಂಸ್ಥೆಯ ಬಗ್ಗೆ ಬದ್ಧತೆಯೂ ತನ್ನಿಂದ ಆಗುತ್ತದೆಂಬ ಭರವಸೆಯೂ ಇದ್ದು, ಮೇಲಿನವರ ಬೆಂಬಲವೂ ದೊರೆತ ಕಡೆ ಬದಲಾವಣೆ ಬಂತು. ಉಳಿದೆಡೆ ಕಲಿತದ್ದು ಕಡತದಲ್ಲಿಯೇ ಉಳಿಯಿತು. ತಿಳಿದವನನ್ನು ಒಳಗೆ ಕೂರಿಸಿದರೆ ಸಾಲದು. ತೀರ್ಮಾನದ ಅಧಿಕಾರವಿರುವವನು ಅವನ ಮಾತಿಗೆ ಕಿವಿಗೊಡಬೇಕು ಎಂಬುದು ಇದರಿಂದ ಸ್ಪಷ್ಟ.

ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು

2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಶಸ್ತ್ರಚಿಕಿತ್ಸೆಗೆ ಒಳಗಾದ ಬಾಣಂತಿಯರ ಸರಣಿ ಸಾವು ಇಡೀ ರಾಜ್ಯವನ್ನು ತಲ್ಲಣಗೊಳಿಸಿತು. ರಕ್ತನಾಳದ ಮೂಲಕ ನೀಡುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಬಗ್ಗೆ ಶಂಕೆ ಎದ್ದಿತು. ಸರ್ಕಾರ ತಾಯಂದಿರ ಮರಣಗಳ ಪರಿಶೋಧನೆಗೆ ಆದೇಶಿಸಿತು. 2024ರ ಏಪ್ರಿಲಿನಿಂದ ಡಿಸೆಂಬರಿನವರೆಗೆ ರಾಜ್ಯದಲ್ಲಿ ಸಂಭವಿಸಿದ 464 ಮರಣಗಳನ್ನು ಪರಿಶೀಲಿಸಿ, ಅವುಗಳಲ್ಲಿ ಶೇ. 70ಕ್ಕಿಂತ ಹೆಚ್ಚಿನವನ್ನು ತಡೆಯಬಹುದಾಗಿತ್ತೆಂದು ಪರಿಶೋಧನೆ ಕಂಡುಕೊಂಡಿತು.

ಹಳ್ಳಿಯ ಹೆರಿಗೆ ಕೋಣೆಯ ಮಾರ್ಗದರ್ಶಕಿ ದ್ರಾವಣದ ಬಾಟಲಿಯ ದೋಷವನ್ನು ಪತ್ತೆ ಹಚ್ಚಲಾರಳು, ನಿಜ. ಆದರೆ ಯಾವ ಆಸ್ಪತ್ರೆಯಿಂದ ಯಾವ ಬ್ಯಾಚಿನ ಬಗ್ಗೆ ಎಷ್ಟು ದೂರುಗಳು ಬಂದಿವೆ, ಯಾವ ವಾರ್ಡಿನಲ್ಲಿ ಯಾವ ವಾರ ಅಸಹಜವಾಗಿ ತೊಡಕುಗಳು ಹೆಚ್ಚಿವೆ ಎಂಬುದನ್ನು ದಿನದಿನವೂ ತಾಳೆ ನೋಡಿ, ಖರೀದಿ ಅಧಿಕಾರಿಯ ಮುಂದೆ ಅಂದೇ ಇಡುವ ಕೆಲಸ ಒಬ್ಬ ಒಳಗಿನ ಸಂಶೋಧಕನದು. ಬ್ಯಾಂಕಿನಲ್ಲಿ ಏಕಕಾಲಿಕ ಲೆಕ್ಕಪರಿಶೋಧಕ ಮಾಡುವುದು ಇದನ್ನೇ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಪರಿಶೋಧನೆ ಅಗತ್ಯವಾದರೂ, ಅದರ ಬೆಲೆಯನ್ನು ತೆತ್ತವರು ಬೇರೆಯವರು.

ಒಳಗಿದ್ದೂ ಸ್ವತಂತ್ರನಾಗಿರಲು

ಒಳಗೆ ಕೂತವನು ಕ್ರಮೇಣ ಒಳಗಿನವನೇ ಆಗಿಬಿಡುವ ಅಪಾಯ ಈ ಕ್ರಮದ ದೊಡ್ಡ ದೌರ್ಬಲ್ಯ. ಅಧಿಕಾರಿಯ ಪಕ್ಕದ ಕುರ್ಚಿಯಲ್ಲಿ ಕುಳಿತು, ಅವರ ಕೈಯಿಂದಲೇ ಸಂಬಳ ಪಡೆಯುವವನು ಅಪ್ರಿಯ ಸತ್ಯವನ್ನು ಹೇಳುವುದು ಕಷ್ಟ. ಈ ಸಮಸ್ಯೆಯನ್ನು ಲೆಕ್ಕಪರಿಶೋಧನೆಯ ವೃತ್ತಿ ಬಹು ಹಿಂದೆಯೇ ಎದುರಿಸಿದೆ. ಕಂಪನಿಯ ಪರಿಶೋಧಕನನ್ನು ನೇಮಿಸುವವರು ಷೇರುದಾರರು, ವ್ಯವಸ್ಥಾಪಕರಲ್ಲ. ಆಂತರಿಕ ಪರಿಶೋಧಕನ ವರದಿ ಲೆಕ್ಕಪರಿಶೋಧನಾ ಸಮಿತಿಗೆ ಅಥವಾ ಆಡಳಿತ ಮಂಡಳಿಗೆ ಹೋಗುತ್ತದೆ, ತಪಾಸಣೆಗೊಳಗಾದ ವಿಭಾಗದ ಮುಖ್ಯಸ್ಥನ ಮೇಜಿನಲ್ಲಿ ನಿಲ್ಲುವುದಿಲ್ಲ.

ಆರೋಗ್ಯ ಇಲಾಖೆಯ ಸಂಶೋಧಕನಿಗೂ ಇಂತಹ ಮೂರು ಕಟ್ಟುಪಾಡುಗಳು ಸಾಕು. ಪ್ರಶ್ನೆಯನ್ನು ಅಧಿಕಾರಿ ಮತ್ತು ಸಂಶೋಧಕ ಕೂಡಿ ನಿರ್ಧರಿಸಲಿ. ಉತ್ತರವನ್ನು ಸಂಶೋಧಕನೊಬ್ಬನೇ ಬರೆಯಲಿ. ಅವನ ವೇತನ ಮತ್ತು ಅವಧಿ ಅವನು ಪರಿಶೀಲಿಸುವ ಕಚೇರಿಯ ಕೈಯಲ್ಲಿ ಇರದಿರಲಿ. ಪ್ರತಿಕೂಲ ಅಂಶವೊಂದು ಕಂಡರೆ ಅದು ಲಿಖಿತವಾಗಿ, ನಿಗದಿತ ದಿನಗಳೊಳಗೆ, ಸಮಿತಿಯೊಂದರ ಮುಂದೆ ಬರಲೇಬೇಕೆಂಬ ನಿಯಮವಿರಲಿ.

ವಾಣಿಜ್ಯ ವಲಯದ ಪಾತ್ರ

ಈ ವಿಷಯ ವರ್ತಕರಿಗೂ ಸಣ್ಣ ಕೈಗಾರಿಕೆಗಳಿಗೂ ಏಕೆ ಸಂಬಂಧಿಸಿದ್ದು? ಅಂಗಡಿಯ ಹಮಾಲನ ಹೆಂಡತಿ, ಘಟಕದಲ್ಲಿ ಹೊಲಿಗೆ ಮಾಡುವ ಹೆಣ್ಣುಮಗಳು ಹೆರಿಗೆಗೆ ಹೋಗುವುದು ಇದೇ ಸರ್ಕಾರಿ ಕೇಂದ್ರಗಳಿಗೆ ಎಂಬುದು ಮೊದಲ ಕಾರಣ. ಸಮಾಜಕ್ಕೆಂದು ಈ ವಲಯದಿಂದ ಹೊರಡುವ ಹಣ ಸರಿಯಾದ ಬಾಬ್ತಿಗೆ ಸೇರಬೇಕೆಂಬುದು ಎರಡನೆಯದು.

2013ರ ಕಂಪನಿ ಕಾಯ್ದೆಯ 135ನೇ ಪ್ರಕರಣದಂತೆ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ. 2ನ್ನು ಸಾಮಾಜಿಕ ಹೊಣೆಗಾರಿಕೆಗೆ ವೆಚ್ಚ ಮಾಡಬೇಕು. ಆರೋಗ್ಯ ಸೇವೆ ಅದರ ಅರ್ಹ ಬಾಬ್ತುಗಳಲ್ಲೊಂದು. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ನಿಧಿಗಳಿಗೂ ಆರೋಗ್ಯ ಆದ್ಯತೆಯ ವಿಷಯ. ಈ ಹಣದಿಂದ ಆಂಬುಲೆನ್ಸು, ಸ್ಕ್ಯಾನಿಂಗ್ ಯಂತ್ರ, ಕಟ್ಟಡಗಳು ಬರುತ್ತವೆ. ಫಲಕ ಹಾಕಿಸಬಹುದಾದ ವಸ್ತುಗಳು. ಯಂತ್ರ ಏಕೆ ನಿಂತಿದೆ, ಔಷಧ ಏಕೆ ತಲುಪಲಿಲ್ಲ ಎಂದು ವರ್ಷವಿಡೀ ನೋಡುವ ವ್ಯಕ್ತಿಯ ಸಂಬಳಕ್ಕೆ ಫಲಕವಿಲ್ಲ. ಆದುದರಿಂದ ದಾನಿಯೂ ಸಿಗುವುದಿಲ್ಲ. ದೊಡ್ಡ ಯೋಜನೆಗಳಿಗೆ ಪರಿಣಾಮ ಮೌಲ್ಯಮಾಪನವನ್ನು 2021ರ ನಿಯಮಗಳು ಕಡ್ಡಾಯಗೊಳಿಸಿದ್ದರೂ, ಅದು ನಡೆಯುವುದು ಯೋಜನೆ ಮುಗಿದ ಮೇಲೆ. ಅದೂ ವರ್ಷಾಂತ್ಯದ ಪರಿಶೋಧನೆಯೇ.

ಕಂಪನಿ ಕಾಯ್ದೆಯ ಈ ವ್ಯಾಪ್ತಿಗೆ ಬಾರದ ಸಣ್ಣ ಉದ್ಯಮಿಗೂ ಒಂದು ದಾರಿಯಿದೆ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಆರೋಗ್ಯ ರಕ್ಷಾ ಸಮಿತಿಯುಂಟು. ಅದರಲ್ಲಿ ಸ್ಥಳೀಯ ಪ್ರತಿನಿಧಿಗಳಿಗೆ ಸ್ಥಾನವಿದೆ. ವಹಿ ಓದಬಲ್ಲ, ದಾಸ್ತಾನು ತಾಳೆ ನೋಡಬಲ್ಲ ವರ್ತಕನೊಬ್ಬನು ಆ ಸಮಿತಿಯ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ನಾಲ್ಕೇ: ರಕ್ತಸ್ರಾವ ತಡೆಯುವ ಚುಚ್ಚುಮದ್ದು ಇಂದು ಎಷ್ಟಿದೆ? ಅದನ್ನಿಟ್ಟಿರುವ ಫ್ರಿಜ್ಜು ತಂಪಾಗಿದೆಯೇ? ಕಳೆದ ತಿಂಗಳು ಎಷ್ಟು ತಾಯಂದಿರ ಕೇಸ್ ಶೀಟು ಪೂರ್ಣವಾಗಿ ಬರೆಯಲಾಗಿದೆ? ಕಳುಹಿಸಿದ ಬೇಡಿಕೆ ಪಟ್ಟಿಗೆ ಎಷ್ಟು ದಿನದಲ್ಲಿ ಉತ್ತರ ಬಂತು? ಇದಕ್ಕೆ ವೈದ್ಯಕೀಯ ಪದವಿ ಬೇಕಿಲ್ಲ. ಉತ್ತರಗಳನ್ನು ತಿಂಗಳು ತಿಂಗಳು ಒಂದೇ ಪುಸ್ತಕದಲ್ಲಿ ಬರೆದಿಟ್ಟು ತಾಲ್ಲೂಕು ಆರೋಗ್ಯಾಧಿಕಾರಿಯ ಮುಂದಿಟ್ಟರೆ, ಅದೇ ಒಂದು ಸಣ್ಣ ಪ್ರಮಾಣದ ಸಂಶೋಧನೆ.

‘ಸುಕ್ಷೇಮ’ದಂತಹ ಯೋಜನೆಗಳಿಗೆ ಅವಧಿಯುಂಟು, ದಾನಿಯ ಹಣ ಒಂದು ದಿನ ನಿಲ್ಲುತ್ತದೆ. ಹೆರಿಗೆಗೆ ಅವಧಿಯಿಲ್ಲ. ಪಕ್ಕದಲ್ಲಿ ನಿಂತು ನೋಡುವವನ ಸ್ಥಾನವು ಇಲಾಖೆಯ ಆಯವ್ಯಯದಲ್ಲಿ ಖಾಯಂ ಬಾಬ್ತಾಗಬೇಕಾದದ್ದು ಈ ಕಾರಣಕ್ಕೆ. ಹಂಪಸಾಗರದ ಬೀಜದಂಗಡಿಯ ಮಾಲೀಕನು ಮುಂಗಾರಿಗೆ ಮುನ್ನ ಗೋದಾಮು ತೆರೆದು ಚೀಲ ಎಣಿಸುತ್ತಾನೆ. ಮಳೆ ಬಿದ್ದ ಮೇಲೆ ಎಣಿಸುವುದಿಲ್ಲ. ಒಂದು ಹೆರಿಗೆಗೆ 336 ರೂಪಾಯಿಯ ಲೆಕ್ಕದಲ್ಲಿ, ಆಸ್ಪತ್ರೆಯ ಕಪಾಟಿಗೂ ಅಷ್ಟೇ ಮುಂಜಾಗ್ರತೆ ಸಲ್ಲಬೇಕು.